ಹತ್ತಡಿ ಅಂಗಡಿಯ ಕನ್ನಡಿ

ಹೊಸ ಅಂಗಡಿ ನೋಡಿಕೊಂಡು ಬಂದ ಮಾವ ಚಪ್ಪಲಿ ಬಿಡುವ ಮೊದಲೇ ಹೇಳಿದ್ದು, ಅದು ಉದ್ದವಾಗಿದೆ ಎಂದು. ರೈಲು ಡಬ್ಬಿಯ ಹಾಗಿದೆಯಂತೆ. ಈ ತುದಿಯಲ್ಲಿ ಕೆಮ್ಮಿದರೆ ಆ ತುದಿಗೆ ಕೇಳಿಸಲು ಹೊತ್ತು ಬೇಕಂತೆ. ಮೇಲುಗಡೆ ಎರಡು ಕೋಣೆಯ ಮನೆ, ಅದೇ ಬಾಡಿಗೆಯಲ್ಲಿ. ಅತ್ತೆ ಅಷ್ಟನ್ನೂ ಕೇಳಿಸಿಕೊಂಡು, ನಲ್ಲಿಯಲ್ಲಿ ನೀರು ಬರುತ್ತದೆಯೋ ಇಲ್ಲವೋ ಎಂದಷ್ಟೇ ವಿಚಾರಿಸಿದರು.

ನಮ್ಮದು ಕನ್ನಡಕದ ಅಂಗಡಿ. ಮಾವ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುತ್ತಾರೆ. ಸಡಿಲವಾದ ಸ್ಕ್ರೂ ಬಿಗಿಯುವುದರಿಂದ ಹಿಡಿದು ಗಿರಾಕಿಯ ಮೂಗಿನ ಬಗ್ಗೆ ಅಭಿಪ್ರಾಯ ಹೇಳುವವರೆಗೆ ಮಿಕ್ಕಿದ್ದೆಲ್ಲ ಅತ್ತೆಯದು. ಕಣ್ಣು ಪರೀಕ್ಷಿಸುತ್ತಿದ್ದವನು ನನ್ನ ಗಂಡ. ಒಂದು ಬೆಳಿಗ್ಗೆ ಎದ್ದವನು ಎದೆ ಹಿಡಿದುಕೊಂಡು ಮತ್ತೆ ಕುಳಿತ. ಅದಕ್ಕಿಂತ ಹೆಚ್ಚು ಬರೆಯಲು ನನಗೆ ಬರುವುದಿಲ್ಲ.

ನಾನೂ ಕಣ್ಣು ನೋಡುವುದನ್ನು ಕಲಿತಿದ್ದೆ. ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮಾಡಿ ಬಂದವಳನ್ನು ಮದುವೆಯಾದ ಮೇಲೆ ಅವನೇ ಹಟ ಹಿಡಿದು ಆ ಕೋರ್ಸಿಗೆ ಸೇರಿಸಿದ. ಇಬ್ಬರೂ ಕಲಿತಿದ್ದರೆ ಒಬ್ಬರು ರಜೆ ಹಾಕಬಹುದು ಎನ್ನುತ್ತಿದ್ದ. ರಜೆ ಹಾಕಿದ್ದು ಅವನೇ. ನಾನು ಮಾತ್ರ ಅವನ ಜಾಗದಲ್ಲಿ ನಿಲ್ಲಲಿಲ್ಲ. ಆಗುವುದಿಲ್ಲ ಎಂದೂ ಹೇಳಲಿಲ್ಲ, ಆಗುತ್ತದೆ ಎಂದೂ ಹೇಳಲಿಲ್ಲ. ಮಾವ ಹೊರಗಿನಿಂದ ಒಬ್ಬ ಪರೀಕ್ಷಕನನ್ನು ಗೊತ್ತುಮಾಡಿದರು. ಅವನು ಬಂದರೆ ಬಂದ, ಇಲ್ಲದಿದ್ದರೆ ಇಲ್ಲ. ಅಷ್ಟರಲ್ಲಿ ಬೀದಿಗೆ ದೊಡ್ಡ ದೊಡ್ಡ ಗಾಜಿನ ಮಳಿಗೆಗಳು ಬಂದವು, ಬಾಡಿಗೆ ಏರಿತು, ಗಿರಾಕಿಗಳು ಕರಗಿದರು.

“ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ,” ಎಂದರು ಅತ್ತೆ ಒಂದು ದಿನ. “ಇಲ್ಲಿ ಹಾಸಿಗೆ ಚಿಕ್ಕದಾಗ್ತಾನೇ ಹೋಯ್ತು. ಕಾಲು ಮಡಚಿ ಮಡಚಿ ಮೊಣಕಾಲು ಗದ್ದಕ್ಕೆ ಬಂತು. ಇನ್ನೆಲ್ಲಿ ಮಡಚ್ಲಿ?”

ಹೊರಡುವುದು ಗಟ್ಟಿಯಾದದ್ದು ಹಾಗೆ. ಇಷ್ಟು ದೊಡ್ಡದಲ್ಲದ, ಇಷ್ಟು ದುಬಾರಿಯಲ್ಲದ ಊರಿಗೆ. ಅಲ್ಲಿ ಪರೀಕ್ಷಕನಿಗೆ ಸಂಬಳ ಕೊಡುವ ಮಾತಿಲ್ಲ. ಅಲ್ಲಿ ಕಣ್ಣು ನೋಡಬೇಕಾದವಳು ನಾನು. ಅದನ್ನು ಯಾರೂ ಬಾಯಿಬಿಟ್ಟು ಹೇಳಲಿಲ್ಲ. ಮೂವರಿಗೂ ಗೊತ್ತಿತ್ತು.

ಹಳೆಯ ಅಂಗಡಿಯ ಉದ್ದ ಹತ್ತಡಿ. ಕಣ್ಣಿನ ಪರೀಕ್ಷೆಗೆ ಇಪ್ಪತ್ತಡಿ ದೂರ ಬೇಕು. ಇಲ್ಲದ ಹತ್ತಡಿಯನ್ನು ನಾವು ಕನ್ನಡಿಯಿಂದ ತಂದುಕೊಂಡಿದ್ದೆವು. ಗಿರಾಕಿ ಒಳಗೋಡೆಗೆ ಬೆನ್ನು ಮಾಡಿ ಕುರ್ಚಿಯಲ್ಲಿ ಕೂರಬೇಕು. ಅಕ್ಷರದ ಫಲಕ ಇರುವುದು ಅವರ ತಲೆಯ ಮೇಲೆ, ಹಿಂದುಗಡೆ. ಎದುರಿಗೆ, ಬಾಗಿಲ ಪಕ್ಕದ ಗೋಡೆಯಲ್ಲಿ, ಆಳೆತ್ತರದ ಕನ್ನಡಿ. ಗಿರಾಕಿ ಆ ಕನ್ನಡಿಯಲ್ಲಿ ಫಲಕವನ್ನು ನೋಡಿ ಓದಬೇಕು. ಆಗ ಅಕ್ಷರಗಳು ಇಪ್ಪತ್ತಡಿ ದೂರದಲ್ಲಿ ಇದ್ದಂತೆಯೇ ಲೆಕ್ಕ. ಕನ್ನಡಿ ಎಲ್ಲವನ್ನೂ ತಿರುಗಿಸುವುದರಿಂದ ಫಲಕದಲ್ಲಿ ಅಕ್ಷರಗಳನ್ನು ಮೊದಲೇ ಹಿಂದುಮುಂದಾಗಿ ಬರೆದಿರಬೇಕು. ಅಚ್ಚಿನ ಹಳೇ ಫಲಕ ಹಳದಿಗಟ್ಟಿದಾಗ ನನ್ನ ಗಂಡ ಕೂತು ಹೊಸದೊಂದನ್ನು ಕೈಯಾರೆ ಬರೆದ. ಬಿಳಿ ತಗಡಿನ ಮೇಲೆ ಕಪ್ಪು ಬಣ್ಣ, ಒಂದೊಂದು ಅಕ್ಷರಕ್ಕೂ ಅಳತೆಪಟ್ಟಿ. ಅವನು ಎಡಚ. ಶಾಲೆಯಲ್ಲಿ ಅವನ ಬರಹ ನೋಡಿ ಮೇಷ್ಟರು ತಲೆ ಚಚ್ಚಿಕೊಳ್ಳುತ್ತಿದ್ದರಂತೆ. ಫಲಕ ತೂಗುಹಾಕಿದ ದಿನ ನನ್ನನ್ನು ಕನ್ನಡಿಯ ಮುಂದೆ ನಿಲ್ಲಿಸಿ, “ನೋಡು, ನನ್ನ ಅಕ್ಷರ ಮುದ್ದಾಗೇ ಇತ್ತು. ಮೇಷ್ಟ್ರು ತಪ್ಪು ಕಡೆಯಿಂದ ನೋಡ್ತಿದ್ರು,” ಎಂದ.

ನಾನು ಕೂರುತ್ತಿದ್ದದ್ದು ಬಾಗಿಲ ಹತ್ತಿರದ ಕೌಂಟರಿನಲ್ಲಿ, ಬೀದಿಗೆ ಮುಖ ಮಾಡಿ. ಅವನು ನನ್ನ ಬೆನ್ನ ಹಿಂದೆ, ಗಿರಾಕಿಯ ಕುರ್ಚಿಯ ಪಕ್ಕದಲ್ಲಿ. ತಿರುಗಿ ನೋಡಬೇಕಾಗಿರಲಿಲ್ಲ. ಕನ್ನಡಿಯಲ್ಲಿ ಅವನಿದ್ದ. ಯಾರಾದರೂ ಕಾಣದ ಅಕ್ಷರವನ್ನು ಊಹಿಸಿ ಧೈರ್ಯವಾಗಿ ತಪ್ಪು ಓದಿದರೆ ಅವನ ಒಂದು ಹುಬ್ಬು ಒಂದಿಷ್ಟೇ ಮೇಲೇರುತ್ತಿತ್ತು. ನಾನು ಬರೆಯುವವಳಂತೆ ತಲೆ ತಗ್ಗಿಸಿ ನಗು ನುಂಗುತ್ತಿದ್ದೆ. ಮನೆಯೆಂದರೆ ಒಂದು ಕೋಣೆ, ಪರದೆಯ ಆಚೆ ಅತ್ತೆ ಮಾವ. ನಮ್ಮ ಸಂಸಾರ ಹೆಚ್ಚಾಗಿ ನಡೆದದ್ದು ಆ ಕನ್ನಡಿಯಲ್ಲಿ.

ಅವನು ಹೋದ ಮೇಲೂ ಅಲ್ಲಿಯೇ ಕೂತೆ. ಪರೀಕ್ಷಕ ಬಂದ ದಿನ ಕನ್ನಡಿಯತ್ತ ನೋಡುತ್ತಿರಲಿಲ್ಲ. ಪರೀಕ್ಷಕ ಬಾರದ ದಿನ ನೋಡುತ್ತಿದ್ದೆ. ಖಾಲಿ ಕುರ್ಚಿ, ಅದರ ಪಕ್ಕ ಸವೆದ ನೆಲ. ಸಮತಲ ದರ್ಪಣದ ಬಿಂಬ ಮಿಥ್ಯಾಬಿಂಬ, ಅದು ಕಾಣುವ ಜಾಗದಲ್ಲಿ ನಿಜಕ್ಕೂ ಏನೂ ಇರುವುದಿಲ್ಲ ಎಂದು ಓದಿ ಅಂಕ ಗಳಿಸಿದವಳು ನಾನು. ಆದರೂ ನೋಡುತ್ತಿದ್ದೆ.

ನಮ್ಮ ನಂತರ ಆ ಅಂಗಡಿಗೆ ಬರುವವನು ಒಬ್ಬ ಕ್ಷೌರಿಕ. ಅಳತೆ ನೋಡಲು ಬಂದವನು ಕನ್ನಡಿಯ ಮುಂದೆ ನಿಂತು ತನ್ನ ಕ್ರಾಪು ಸರಿಮಾಡಿಕೊಂಡ. ಇದೊಂದನ್ನು ಬಿಟ್ಟುಹೋಗುವಿರಾ ಎಂದು ಕೇಳಿದ. ಹೇಗೂ ಗೋಡೆಗೆ ಗಾರೆ ಹಾಕಿ ಕೂರಿಸಿದ್ದು, ಕೀಳಲು ಹೋದರೆ ಒಡೆದೀತು.

“ಇಟ್ಕೊಳ್ಳಪ್ಪಾ,” ಎಂದರು ಮಾವ. “ನಮಗೀಗ ನೆಟ್ಟಗೆ ಇಪ್ಪತ್ತಡಿ ಇದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

ಅತ್ತೆ ನನ್ನ ಮುಖ ನೋಡಿದರು. ನಾನು ಚೌಕಟ್ಟುಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದೆ. ಬೇಡ ಎನ್ನಲು ಒಂದು ಮಾತು ಸಾಕಿತ್ತು. ಆ ದಿನಗಳಲ್ಲಿ ನನ್ನ ಹತ್ತಿರ ಇದ್ದದ್ದು “ಆಗಲಿ” ಎಂಬ ಒಂದೇ ಮಾತು. ಊಟಕ್ಕೂ ಅದೇ, ಊರು ಬಿಡಲಿಕ್ಕೂ ಅದೇ.

ಲಾರಿಯಲ್ಲಿ ಮಾವನ ಉಜ್ಜುವ ಯಂತ್ರವನ್ನು ನಮ್ಮೆಲ್ಲರ ಹಾಸಿಗೆಗಳಿಂದ ಸುತ್ತಿ ಕೂರಿಸಿದರು. ಅದಕ್ಕೆ ಸಿಕ್ಕಿದ ಮರ್ಯಾದೆ ಮದುವೆಯಾದಾಗ ತನಗೂ ಸಿಕ್ಕಿರಲಿಲ್ಲ ಎಂದು ಅತ್ತೆ ಲಾರಿಯವನಿಗೆ ಕೇಳಿಸುವಂತೆ ಹೇಳಿದರು. ಫಲಕವನ್ನು ಮಾತ್ರ ಅವರು ಲಾರಿಗೆ ಕೊಡಲಿಲ್ಲ. ತಮ್ಮ ಸೀರೆಯೊಂದರಲ್ಲಿ ಸುತ್ತಿ, ದಾರಿಯುದ್ದಕ್ಕೂ ತೊಡೆಯ ಮೇಲಿಟ್ಟುಕೊಂಡು ಬಂದರು.

ಹೊಸ ಊರಿನ ಬೀದಿ ಅಗಲ, ಗದ್ದಲ ಕಡಿಮೆ. ಎದುರಿಗೆ ಒಂದು ಸೈಕಲ್ ರಿಪೇರಿ ಅಂಗಡಿ, ಪಕ್ಕದಲ್ಲಿ ಒಂದು ಗಿರಣಿ. ಜನ ನಡೆಯುವ ರೀತಿಯೇ ಬೇರೆ. ಎಲ್ಲಿಗೋ ತಡವಾಗಿದೆ ಎಂಬ ಭಾವ ಅವರ ಕಾಲಿನಲ್ಲಿಲ್ಲ. ಅಂಗಡಿಯೊಳಗೆ ಸುಣ್ಣದ ವಾಸನೆ. ಮಾವ ಹೇಳಿದಷ್ಟೂ ಉದ್ದವಾಗಿತ್ತು. ಅವರು ಟೇಪು ಹಿಡಿದು ಬಾಗಿಲ ಕಡೆ ಕುರ್ಚಿ ಹಾಕಿಸಿದರು, ಆ ತುದಿಯ ಗೋಡೆಗೆ ಮೊಳೆ ಹೊಡೆದು ಫಲಕ ತೂಗುಹಾಕಿದರು. ಯಂತ್ರಕ್ಕೆ ನಡುವೆ ಒಂದು ಪಕ್ಕ ಜಾಗವಾಯಿತು. ಮೂವರೂ ಬಾಗಿಲಲ್ಲಿ ನಿಂತು ನೋಡಿದೆವು. ಫಲಕ ನೇರವಾಗಿದೆ ಎಂದರು ಮಾವ. ದೀಪ ಸ್ವಲ್ಪ ಎಡಕ್ಕೆ ಬರಬೇಕು ಎಂದರು ಅತ್ತೆ. ಚೆನ್ನಾಗಿದೆ ಎಂದೆ ನಾನು.

ಮೊದಲ ಗಿರಾಕಿ ಒಬ್ಬ ಬಸ್ ಡ್ರೈವರ್. ದಪ್ಪ ಮೀಸೆ, ದೊಡ್ಡ ದನಿ. ಲೈಸೆನ್ಸ್ ನವೀಕರಿಸಬೇಕು, ಅದಕ್ಕೆ ಕಣ್ಣಿನ ಪರೀಕ್ಷೆ ಆಗಬೇಕು. ಬರೀ ಶಾಸ್ತ್ರಕ್ಕೆ, ತನ್ನ ಕಣ್ಣು ಹದ್ದಿನ ಕಣ್ಣು ಎಂದು ಅತ್ತೆಗೆ ಹೇಳುತ್ತಲೇ ಕುರ್ಚಿಯಲ್ಲಿ ಕೂತ.

ಅವನ ಪಕ್ಕದಲ್ಲಿ ನಾನು ನಿಲ್ಲಬೇಕಿತ್ತು. ನಿಂತೆ. ಅವನ ಒಂದು ಕಣ್ಣು ಮುಚ್ಚಿಸಿ, ಮೇಲಿನ ಸಾಲು ಓದಲು ಹೇಳಿದೆ. ಎಷ್ಟೋ ಸಾವಿರ ಸಲ ನನ್ನ ಬೆನ್ನ ಹಿಂದೆ ಕೇಳಿದ ಮಾತು, ಈಗ ನನ್ನ ಬಾಯಲ್ಲಿ.

ಡ್ರೈವರ್ ಕಣ್ಣು ಕಿರಿದು ಮಾಡಿದ. ಕತ್ತು ಮುಂದೆ ಚಾಚಿದ. ಇನ್ನೊಂದು ಕಣ್ಣಿಂದ ನೋಡಿದ. ಆಮೇಲೆ ಎರಡರಿಂದಲೂ. ಹಣೆಯಲ್ಲಿ ಬೆವರು ಕಾಣಿಸಿತು.

“ಅಮ್ಮಾ,” ಎಂದ, ದೊಡ್ಡ ದನಿ ಎಲ್ಲೋ ಹೋಗಿತ್ತು. “ಕಾಣ್ತದೆ. ಆದ್ರೆ ಏನು ಅಂತ ಗೊತ್ತಾಗ್ತಿಲ್ಲ. ನನಗೇನಾದ್ರೂ ಆಯ್ತಾ?”

ದೊಡ್ಡ ಅಕ್ಷರ, ಸರಿಯಾಗಿ ನೋಡಿ ಎಂದೆ. ಬೆಳಗ್ಗೆಯಿಂದ ಬಸ್ಸು ಓಡಿಸಿಕೊಂಡೇ ಬಂದೆ, ಒಂದು ನಾಯಿಗೂ ತಾಗಿಸಿಲ್ಲ ಎಂದು ಅವನು ಗೋಗರೆದ. ಯಂತ್ರ ನಿಲ್ಲಿಸಿ ಮಾವ ಬಂದರು. ಫಲಕ ನೋಡಿದರು, ಡ್ರೈವರನ ಕಣ್ಣು ನೋಡಿದರು. ಮೆದುಳಿನ ಡಾಕ್ಟರಿಗೆ ತೋರಿಸಬೇಕೇನೋ ಎಂದು ನನ್ನ ಕಿವಿಯಲ್ಲಿ ಹೇಳಿದರು. ನಾನೂ ಹಾಗೇ ಅಂದುಕೊಂಡಿದ್ದೆ.

ಕೌಂಟರಿನಲ್ಲಿ ಕೂತ ಅತ್ತೆ ತಿರುಗಿ ನೋಡಿ, ಬಾಯಿಗೆ ಸೆರಗು ಒತ್ತಿಕೊಂಡರು. ಅಳುತ್ತಿದ್ದಾರೆ ಎಂದುಕೊಂಡೆ.

“ಅಯ್ಯೋ ನಿಮ್ಮ ಬುದ್ಧಿಗಿಷ್ಟು,” ಎಂದರು. “ಅಲ್ರೀ, ಅದು ಉಲ್ಟಾ ಅಲ್ವಾ?”

ಉಲ್ಟಾ. ದಿನಾ ಬೆಳಿಗ್ಗೆ ಬಟ್ಟೆ ಹಿಡಿದು ಒರೆಸಿದ ಫಲಕ. ನಾವು ಮೂವರೂ ಅದನ್ನು ನೋಡಿದ್ದೇ ಹಾಗೆ, ಗೋಡೆಯ ಮೇಲೆ ಹಿಂದುಮುಂದಾಗಿ. ನಮಗೆ ಅದೇ ಸರಿ. ಅದನ್ನು ದಿನಾ ಸರಿಯಾಗಿ ಓದುತ್ತಿದ್ದವರು ಗಿರಾಕಿಗಳು ಮಾತ್ರ, ಕನ್ನಡಿಯಲ್ಲಿ. ಅಲ್ಲಿ ನಾನು ನೋಡುತ್ತಿದ್ದದ್ದು ಅವನನ್ನು, ಅಕ್ಷರವನ್ನಲ್ಲ. ಕನ್ನಡಿ ಬಿಟ್ಟುಬಂದವರು ಅಕ್ಷರವನ್ನೂ ಬಿಟ್ಟುಬಂದಿದ್ದೆವು.

ಚೌಕಟ್ಟು ಹಾಕಿ ನೋಡಿಕೊಳ್ಳುವ ಕೈಗನ್ನಡಿಯನ್ನು ಮಾವ ಡ್ರೈವರನ ಮುಂದೆ ಹಿಡಿದರು. ಅದರಲ್ಲಿ ಅವನಿಗೆ ಕಂಡದ್ದು ಅವನ ಮೀಸೆ. ಅದಂತೂ ಚೆನ್ನಾಗಿ ಕಾಣುತ್ತಿದೆ ಎಂದ. ಆಗ ಅತ್ತೆಗೆ ತಡೆಯಲಾಗಲಿಲ್ಲ. ಅವರು ನಕ್ಕದ್ದನ್ನು ನಾನು ಕೇಳಿ ಬಹಳ ಕಾಲವಾಗಿತ್ತು. ಮಾವನೂ ನಕ್ಕರು. ತನ್ನ ಕಣ್ಣು ಹೋಗಿಲ್ಲ ಎಂಬ ಸಂತೋಷಕ್ಕೆ ಡ್ರೈವರ್ ಎಲ್ಲರಿಗಿಂತ ಹೆಚ್ಚು ನಕ್ಕ. ಮುಂದಿನ ವಾರ ಬರುತ್ತೇನೆ, ಅಷ್ಟರಲ್ಲಿ ನೀವು ಅಕ್ಷರ ಕಲಿತಿರಿ ಎಂದು ಹೇಳಿ ಹೋದ.

ನಾನು ಕುರ್ಚಿಯ ಪಕ್ಕದಲ್ಲೇ ನಿಂತಿದ್ದೆ. ಅಂಗಡಿಯ ಆ ತುದಿಯಲ್ಲಿ, ಯಾರಿಗೂ ಓದಲು ಬಾರದೆ, ಅವನ ಕೈಬರಹ.

ನಾಳೆಯೇ ಒಂದು ಅಚ್ಚಿನ ಫಲಕ ತರುತ್ತೇನೆ ಎಂದರು ಮಾವ. ಇದನ್ನು ಮೇಲೆ ಮನೆಯಲ್ಲಿ ಇಟ್ಟುಕೊಳ್ಳೋಣ, ಒಳ್ಳೆಯ ತಗಡು.

“ಬೇಡ,” ಎಂದೆ.

ಇಬ್ಬರೂ ನನ್ನತ್ತ ನೋಡಿದರು.

“ಒಂದು ಕನ್ನಡಿ ಬೇಕು. ಕುರ್ಚಿ ನಡುವಿಗೆ ಬರ್ಲಿ, ಅದರ ಹಿಂದೆ ಹಲಗೆಯ ಒಂದು ಅಡ್ಡಗೋಡೆ. ನಿಮ್ಮ ಯಂತ್ರ ಅದರ ಆಚೆ ಹೋಗ್ಲಿ. ಗಾಜಿನ ಪುಡಿ ಗಿರಾಕಿ ಮೇಲೆ ಬೀಳೋದು ತಪ್ಪುತ್ತೆ. ನನಗೆ ಹತ್ತಡಿ ಸಾಕು ಮಾವ.”

ಅಷ್ಟು ಉದ್ದದ ಮಾತು ನನಗೇ ಅಪರಿಚಿತವಾಗಿ ಕೇಳಿಸಿತು. ಯಂತ್ರ, ಪುಡಿ, ಎಲ್ಲ ನಿಜವೇ. ಇಪ್ಪತ್ತಡಿಯ ಅಂಗಡಿಗಾಗಿ ಊರು ಬಿಟ್ಟವರ ಮುಂದೆ ಹತ್ತಡಿ ಸಾಕು ಎಂದಿದ್ದೆ. ಮಾವ ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಆಗಲಿ ಎಂದರು. ಯಾವ ಕನ್ನಡಿ ಎಂದು ಕೇಳಲಿಲ್ಲ.

ಮರುದಿನ ನಾವು ಏಳುವಷ್ಟರಲ್ಲಿ ಮಾವ ಮನೆಯಲ್ಲಿರಲಿಲ್ಲ. ಪೇಟೆಗೆ ಹೋಗಿರಬೇಕು ಎಂದರು ಅತ್ತೆ. ಮಧ್ಯಾಹ್ನವಾಯಿತು. ಕರೆ ಮಾಡಿದರೆ ಅವರ ಫೋನು ಮೇಲಿನ ಕೋಣೆಯಲ್ಲೇ ಗುನುಗುತ್ತಿತ್ತು. ಅತ್ತೆ ಬೈಯುವುದನ್ನು ನಿಲ್ಲಿಸಿ ಬಾಗಿಲಲ್ಲಿ ನಿಂತರು. ಆಸ್ಪತ್ರೆಯಿಂದ ಬರುವವರಿಗಾಗಿ ಒಂದು ಸಲ ಬಾಗಿಲಲ್ಲಿ ಹಾಗೆ ಕಾದವರಿಗೆ ಆಮೇಲೆ ಯಾವ ತಡವೂ ಸುಮ್ಮನೆ ತಡವಲ್ಲ.

ಸಂಜೆ ಬಸ್ಸಿನಿಂದ ಇಳಿದ ಮಾವ ತಮಗಿಂತ ಎತ್ತರದ ಒಂದು ಕಂಬಳಿಯ ಕಟ್ಟನ್ನು ಅಪ್ಪಿಕೊಂಡು ನಡೆದು ಬಂದರು. ಸೈಕಲ್ ಅಂಗಡಿಯವನು ಓಡಿಹೋಗಿ ಒಂದು ತುದಿ ಹಿಡಿದ. ಕ್ಷೌರಿಕನಿಗೆ ಅದಕ್ಕಿಂತ ದೊಡ್ಡದೊಂದು ಹೊಸ ಕನ್ನಡಿ ಕೊಡಿಸಿದರಂತೆ. ಅರ್ಧ ದಿನ ಇಬ್ಬರೂ ಕೂತು ಉಳಿಯಿಂದ ಗಾರೆ ಕೆತ್ತಿದರಂತೆ. ಕೆಳಗಿನ ಒಂದು ಮೂಲೆ ಹೋಯಿತು, ಮಿಕ್ಕದ್ದು ಉಳಿಯಿತು.

“ಕಂಡಕ್ಟರ್ ಇದಕ್ಕೂ ಒಂದು ಟಿಕೆಟ್ ಹರಿದ,” ಎಂದರು ಮಾವ. “ಟಿಕೆಟ್ ಇದ್ಮೇಲೆ ಸೀಟಲ್ಲಿ ಕೂರಿಸ್ಕೊಂಡೇ ಬಂದೆ.”

“ಹೇಳಿ ಹೋಗೋಕೆ ಏನಾಗಿತ್ತು?” ಎಂದರು ಅತ್ತೆ.

“ಹೇಳಿದ್ರೆ ಈ ವಯಸ್ಸಲ್ಲಿ ಬೇಡ ಅಂತಿದ್ದೆ ನೀನು. ಅವಳು ಬಾಯಿಬಿಟ್ಟು ಕೇಳಿದ್ದು ಇದೊಂದೇ ಕಣೇ.”

ಕಂಬಳಿ ಬಿಚ್ಚಿದೆ. ಪಾದರಸ ಹೋಗಿ ಎಲೆಯಂತೆ ಕಾಣುವ ಹಳೆಯ ಕಲೆ ಅದೇ ಜಾಗದಲ್ಲಿತ್ತು. ಬಗ್ಗಿ ನೋಡಿದರೆ ನನ್ನ ಮುಖ. ಬೇರೇನು ಇದ್ದೀತು? ಆದರೂ ಅವನು ಇರಬೇಕು ಎಂದು ಎಷ್ಟು ಬಯಸಿದ್ದೆ ಎಂಬುದು ಆಗ ತಿಳಿಯಿತು. ಬಸ್ಸಿನ ಧೂಳನ್ನು ಸೆರಗಿನಿಂದ ಒರೆಸಿದೆ, ಒಂದೇ ಜಾಗವನ್ನು ಬಹಳ ಹೊತ್ತು. ಅತ್ತೆ ಮಾವ ಇಬ್ಬರೂ ಅಲ್ಲಿಂದ ಎದ್ದು ಹೋದರು, ಏನೋ ಕೆಲಸವಿದ್ದಂತೆ.

ಹಲಗೆಯ ಅಡ್ಡಗೋಡೆ ಎದ್ದಿತು. ಅದರ ಮೇಲೆ ಫಲಕ, ಅದರ ಕೆಳಗೆ ಕುರ್ಚಿ, ಬಾಗಿಲ ಪಕ್ಕದ ಗೋಡೆಗೆ ಕನ್ನಡಿ. ಆಚೆಯಿಂದ ಮಾವನ ಯಂತ್ರದ ಗುಂಯ್ ಸದ್ದು. ಕೌಂಟರಿನಲ್ಲಿ ಅತ್ತೆ ಕೂತರು, ಬೀದಿಗೆ ಮುಖ ಮಾಡಿ.

ಡ್ರೈವರ್ ಹೇಳಿದಂತೆ ಬಂದ. ಅಕ್ಷರ ಕಲಿತಿರಾ ಎಂದು ಕೇಳಿ ಕೂತ. ನಾನು ಪಕ್ಕದಲ್ಲಿ ನಿಂತು ಎದುರಿಗೆ ನೋಡಿದೆ. ಈ ಜಾಗದಿಂದ ನಾನು ಆ ಕನ್ನಡಿಯನ್ನು ಎಂದೂ ನೋಡಿರಲಿಲ್ಲ. ಅತ್ತೆಯ ಬೆನ್ನು ನನ್ನ ಮುಂದೆಯೇ ಇತ್ತು, ನಾಲ್ಕು ಹೆಜ್ಜೆಯೂ ಇಲ್ಲ. ಅವರ ಮುಖ ಅಲ್ಲಿ, ಕನ್ನಡಿಯಲ್ಲಿ. ಅವನಿಗೆ ದಿನಾ ಕಾಣುತ್ತಿದ್ದದ್ದು ಹೀಗೆ: ಇಲ್ಲಿ ನನ್ನ ಬೆನ್ನು, ಅಲ್ಲಿ ನನ್ನ ಮುಖ. ನಾನು ನೋಡದಿದ್ದಾಗಲೂ ಅವನು ನೋಡಿರಬೇಕು.

ಮೇಲಿನ ಸಾಲು ಓದಿ ಎಂದೆ.

ಡ್ರೈವರ್ ಓದಿದ. ಎರಡನೆಯದನ್ನೂ ಓದಿದ. ನನ್ನ ಗಂಡ ತಿದ್ದಿ ತೀಡಿದ ಒಂದೊಂದು ಅಕ್ಷರವೂ ಆ ದೊಡ್ಡ ದನಿಯಲ್ಲಿ ಅಂಗಡಿ ತುಂಬ ಕೇಳಿಸಿತು. ಕೆಳಕ್ಕೆ ಬಂದಂತೆ ವೇಗ ಕಡಿಮೆಯಾಯಿತು. ಕೊನೆಯ ಸಾಲಿನಲ್ಲಿ ಒಂದು ಕ್ಷಣ ನಿಂತು, ಹದ್ದಿನ ಕಣ್ಣಿನವನಿಗೆ ತಕ್ಕ ಧೈರ್ಯದಿಂದ, ಅಲ್ಲಿ ಇಲ್ಲವೇ ಇಲ್ಲದ ಒಂದು ಅಕ್ಷರವನ್ನು ಓದಿದ.

ಕನ್ನಡಿಯಲ್ಲಿ ಅತ್ತೆಯ ಒಂದು ಹುಬ್ಬು ಒಂದಿಷ್ಟೇ ಮೇಲೇರಿತು.

ಅವನಿಗೆ ಆ ಹುಬ್ಬು ಯಾರ ಕಡೆಯಿಂದ ಬಂದದ್ದು ಎಂದು ನಾನು ಇಷ್ಟು ವರ್ಷ ಯೋಚಿಸಿರಲೇ ಇಲ್ಲ. ಅತ್ತೆಗೆ ತಮ್ಮ ಹುಬ್ಬಿನ ಮೇಲೆ ನಿಗಾ ಇದ್ದಂತಿರಲಿಲ್ಲ. ಅವರು ನನ್ನನ್ನೇ ನೋಡುತ್ತಿದ್ದರು, ನಗು ನುಂಗಿಕೊಂಡು. ನಾನು ಈ ಸಲ ತಲೆ ತಗ್ಗಿಸಲಿಲ್ಲ.

“ಅದಲ್ಲ,” ಎಂದೆ ಡ್ರೈವರನಿಗೆ. “ಇನ್ನೊಂದು ಸಲ ಓದಿ.”