ಗೋಲ್ಡ್ ಕಸ್ಟಮರ್ ಮನೆಯ ನೀರು

ನನ್ನ ಚಿಕ್ಕಮ್ಮನ ಎಡಹೆಗಲಿನ ಮೇಲೆ ಒಂದು ಕಪ್ಪು ಗೆರೆ ಇದೆ. ನೀರಿನ ಫಿಲ್ಟರ್ ಕಂಪನಿಯ ಚೀಲ ಹೊತ್ತೂ ಹೊತ್ತೂ ಬಿದ್ದ ಗೆರೆ. ಸ್ಪ್ಯಾನರು, ಪೈಪು, ನೀರು ಸೋಸುವ ಹೊಸ ಕ್ಯಾಂಡಲ್ಲು, ಎಲ್ಲ ಅದರಲ್ಲೇ. ಲಿಫ್ಟ್ ಇರುವ ಕಟ್ಟಡದಲ್ಲೂ ಅವಳಿಗೆ ಮೆಟ್ಟಿಲೇ ಗತಿ. ರಿಪೇರಿಯವರು ಹತ್ತಿದರೆ ಲಿಫ್ಟ್ ಕೊಳೆಯಾಗುತ್ತದಂತೆ. ಆ ಮನೆಗಳವರು ಕುಡಿಯುವ ನೀರಿನ ಮಷೀನು ಬಿಚ್ಚಿ ತೊಳೆಯುವ ಕೈ ಅವರ ಲಿಫ್ಟಿನ ಗುಂಡಿ ಮುಟ್ಟಬಾರದು.

ನಾನೂ ಅದೇ ಕಂಪನಿಯಲ್ಲಿ ಮೆಕ್ಯಾನಿಕ್ಕು. ಶಾಲೆ ಬಿಟ್ಟು ಅಲೆಯುತ್ತಿದ್ದವನನ್ನು ಎಳೆದು ತಂದು ಕೆಲಸ ಕಲಿಸಿದವಳು ಅವಳೇ.

ನಮ್ಮ ಮ್ಯಾನೇಜರನಿಗೆ ನಾವಿಟ್ಟ ಹೆಸರು ಇಸ್ತ್ರಿ. ಅವನ ಅಂಗಿಯಲ್ಲಿ ಸುಕ್ಕು ಕಂಡವರಿಲ್ಲ, ಮುಖದಲ್ಲಿ ನಾಚಿಕೆ ಕಂಡವರೂ ಇಲ್ಲ. ಒಂದು ಬೆಳಿಗ್ಗೆ ಎಲ್ಲರನ್ನೂ ಗೋದಾಮಿನಲ್ಲಿ ನಿಲ್ಲಿಸಿ ಹೊಸ ಸಾಫ್ಟ್‌ವೇರ್ ತೋರಿಸಿದ.

"ಇನ್ಮೇಲೆ ಒಬ್ಬೊಬ್ಬ ಕಸ್ಟಮರ್‌ಗೂ ಒಂದೊಂದು ಪೇಜು. ಹೆಸರು, ಫೋನು, ಯಾವ ಮಷೀನು, ಯಾವಾಗ ಕೆಟ್ಟಿತ್ತು, ಯಾರು ಹೋಗಿದ್ರು, ಬೈದ್ರಾ ಹೊಗಳಿದ್ರಾ, ಎಲ್ಲ ಒಂದೇ ಕಡೆ. ಜಾಸ್ತಿ ಮಷೀನು ಇರೋರು ಗೋಲ್ಡ್ ಕಸ್ಟಮರ್. ಅವರು ಕಂಪ್ಲೇಂಟ್ ಕೊಟ್ರೆ ನಾನೇ ಮನೆಗೆ ಹೋಗ್ಬೇಕು. ಅವರು 'ತೃಪ್ತಿ' ಅಂತ ಒತ್ತೋವರೆಗೂ ಹೆಡ್ಡಾಫೀಸಲ್ಲಿ ನನ್ನ ಹೆಸರು ಕೆಂಪಗೆ ಕಾಣ್ತಿರುತ್ತೆ."

"ಇದನ್ನೆಲ್ಲ ತುಂಬೋರು ಯಾರು ಸಾರ್?" ಅಂದೆ.

"ನೀವೇ. ಕೆಲಸ ಮುಗಿದ ಮೇಲೆ."

"ಅದಕ್ಕೆ ಕೂಲಿ?"

"ಅನುಭವ ಬರುತ್ತಲ್ಲಪ್ಪಾ."

ಚಿಕ್ಕಮ್ಮ ತಲೆಯಲ್ಲಿದ್ದ ಮನೆಗಳನ್ನೆಲ್ಲ ಒಂದೊಂದಾಗಿ ಫೋನಿಗಿಳಿಸಿದಳು. ಯಾವ ಮನೆಯ ಪೈಪು ಸೋರುತ್ತದೆ, ಯಾವ ಮನೆಯ ನಾಯಿ ಕಚ್ಚುತ್ತದೆ, ಯಾವ ಮನೆಯ ಯಜಮಾನ ಕಚ್ಚುತ್ತಾನೆ. ತೊಡಕು ಒಂದೇ. ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ ಸಾಫ್ಟ್‌ವೇರು ಒಪ್ಪುತ್ತಿರಲಿಲ್ಲ. ಕೆಲವು ಮುದುಕರ ಹತ್ತಿರ ಫೋನೇ ಇರಲಿಲ್ಲ. ಇದ್ದವರು, "ಬೇಡಮ್ಮ, ನಿಮ್ಮೋರು ಫೋನ್ ಮಾಡಿ ಪ್ರಾಣ ತಿಂತಾರೆ, ನಿನ್ನದೇ ಹಾಕ್ಕೋ" ಅಂದರು. ಅವಳು ತನ್ನದೇ ಹಾಕಿದಳು. ನಾವೆಲ್ಲ ಮಾಡಿದ್ದೂ ಅದನ್ನೇ. ಅವಳ ಪಾಲಿಗೆ ಮಾತ್ರ ಅಂಥ ಮನೆಗಳೇ ಜಾಸ್ತಿ.

ತುಂಬುವ ಕೆಲಸ ಮುಗಿಯಿತು. ಇಸ್ತ್ರಿ ಅವಳನ್ನು ಕರೆದ. ನಾನು ಬಾಗಿಲಲ್ಲಿ ನಿಂತಿದ್ದೆ.

"ನೋಡು, ಎಲ್ಲರಿಗಿಂತ ಕಡಿಮೆ ಕಸ್ಟಮರ್ ನಿನಗೇ. ಅದರಲ್ಲೂ ಒಬ್ಬರ ಹತ್ರಾನೇ ಮತ್ತೆ ಮತ್ತೆ ಹೋಗಿದ್ದೀಯ. ಅಲ್ಲೇನು ಪಲ್ಲಂಗ ಹಾಕಿದ್ದಾರಾ?"

"ಸಾರ್, ಅವೆಲ್ಲ ಬೇರೆ ಬೇರೆ ಮನೆ. ನಂಬರ್ ಒಂದೇ ಅಂತ ಎಲ್ಲರನ್ನೂ ಸೇರಿಸಿ ಒಬ್ಬರನ್ನೇ ಮಾಡಿದೆ ಅದು. ಪೇಜು ತೆಗೆದು ನೋಡಿ."

"ನೋಡೋದೇನು? ಸಿಸ್ಟಮ್ ಹೇಳ್ತಿದೆಯಲ್ಲ. ನಿನಗೆ ಗೊತ್ತಿರೋದೆಲ್ಲ ಇದರೊಳಗೆ ಬಂದಾಯ್ತು. ಅರ್ಧ ಸಂಬಳಕ್ಕೆ ಹೊಸಬರು ಸಿಕ್ತಾರೆ. ಚೀಲ ಇಟ್ಟು ಹೋಗು."

ತೆಂಗಿನಕಾಯಿ ತುರಿದುಕೊಂಡು ಚಿಪ್ಪು ಎಸೆದ ಹಾಗೆ ಎಸೆದ.

ಮರುದಿನ ಬೆಳಿಗ್ಗೆ ಅವಳು ಅಭ್ಯಾಸಬಲದಿಂದ ಬೇಗನೆ ಎದ್ದು, ಹೋಗಲು ಜಾಗವಿಲ್ಲದೆ, ಸ್ಟೂಲಿನ ಮೇಲೆ ಕೂತು ಹೆಗಲು ತಿಕ್ಕಿಕೊಳ್ಳುತ್ತಿದ್ದಳು. ಫೋನಿಗೆ ಒಂದು ಮೆಸೇಜ್ ಬಂತು. 'ಮಾನ್ಯ ಗ್ರಾಹಕರೇ, ನೀವು ನಮ್ಮ ಗೋಲ್ಡ್ ಕಸ್ಟಮರ್. ನಿಮ್ಮ ಸಂತೋಷವೇ ನಮ್ಮ ಉಸಿರು. ದೂರು ಇದ್ದರೆ ಇಲ್ಲಿ ಒತ್ತಿ.'

"ಏನೋ ಇದು?"

"ಅಷ್ಟೂ ಮನೆ ಮಷೀನು ನಿನ್ನದೇ ಅಂತ ಸಿಸ್ಟಮ್ ಅಂದ್ಕೊಂಡಿದೆ ಚಿಕ್ಕಮ್ಮ. ಈ ಊರಲ್ಲಿ ನಿನ್ನಷ್ಟು ನೀರು ಕುಡಿಯೋರು ಇನ್ನೊಬ್ಬರಿಲ್ಲ."

ಅವಳು ನಗಲಿಲ್ಲ. "ದೂರಲ್ಲಿ ಏನು ಬೇಕಾದ್ರೂ ಬರೀಬಹುದಾ?"

ಬರೆದಳು. 'ನಮ್ಮ ಮಷೀನು ನೋಡುತ್ತಿದ್ದ ಹೆಂಗಸನ್ನು ಯಾಕೆ ತೆಗೆದಿರಿ? ನಮಗೆ ಅವಳೇ ಬೇಕು.' ಕೆಳಗೆ ನಮ್ಮ ಮನೆಯ ವಿಳಾಸ ಹಾಕಿದಳು. ಆಮೇಲೆ ನಾನು ಮೆಕ್ಯಾನಿಕ್ಕುಗಳಿಗೆಲ್ಲ ಫೋನ್ ಮಾಡಿದೆ.

ಮಧ್ಯಾಹ್ನದೊಳಗೆ ಇಸ್ತ್ರಿ ಪ್ಯಾಂಟು ಎತ್ತಿ ಹಿಡಿದು ನಮ್ಮ ಓಣಿಯ ಚರಂಡಿ ದಾಟುತ್ತಿದ್ದ. ಬಾಗಿಲಲ್ಲಿ ಚಿಕ್ಕಮ್ಮನನ್ನು ಕಂಡು ವಿಳಾಸ ಇನ್ನೊಮ್ಮೆ ನೋಡಿಕೊಂಡ.

"ಇಲ್ಲಿ ಗೋಲ್ಡ್ ಕಸ್ಟಮರ್ ಅಂತ..."

"ನಾನೇ. ಬನ್ನಿ ಸಾರ್, ಸಿಸ್ಟಮ್ ಹೇಳ್ತಿದೆಯಲ್ಲ."

ಸ್ಟೂಲಿನ ತುದಿಯಲ್ಲಿ ಕೂತ. "ನೋಡಿಮ್ಮಾ, ನೀವು ಒಂದ್ಸಲ ತೃಪ್ತಿ ಅಂತ ಒತ್ತಿಬಿಡಿ. ಹೆಡ್ಡಾಫೀಸಿನೋರು ಉಗೀತಿದ್ದಾರೆ."

"ನಿನ್ನೆ ನಾನು 'ನೀನು' ಆಗಿದ್ದೆ. ಇವತ್ತು 'ನೀವು' ಆಗಿಬಿಟ್ಟೆ. ಕೆಲಸ ವಾಪಸ್ ಕೊಡಿ, ಒತ್ತುತ್ತೀನಿ."

"ಅದು ನನ್ನ ಕೈಲಿಲ್ಲ."

ಅವಳು ಫೋನ್ ಎತ್ತಿ ತೋರಿಸಿದಳು. "ಇದು ನನ್ನ ಕೈಲಿದೆ."

"ನಿಮ್ಮ ನಂಬರನ್ನೇ ಕಿತ್ತು ಹಾಕಿಸ್ತೀನಿ."

"ಕೀಳಿಸಿ. ಖಾಲಿ ಬಿಟ್ರೆ ಅದು ಒಪ್ಪಲ್ಲ. ಯಾರ ನಂಬರ್ ಹಾಕ್ತೀರಿ, ನಿಮ್ಮದಾ?"

ಅವನು ಬಾಯಿ ತೆರೆಯುವಷ್ಟರಲ್ಲಿ ಬಾಗಿಲು ಕತ್ತಲಾಯಿತು. ನಮ್ಮ ಮೆಕ್ಯಾನಿಕ್ಕುಗಳೆಲ್ಲ ಚೀಲಗಳನ್ನು ಗೋದಾಮಿನಲ್ಲೇ ಬಿಟ್ಟು ಬಂದು ನಿಂತಿದ್ದರು. ಎಲ್ಲರ ಫೋನಲ್ಲೂ ಅದೇ ಮೆಸೇಜ್. ನಾನೂ ಗೋಲ್ಡು, ಅವರೂ ಗೋಲ್ಡು. ಒಬ್ಬೊಬ್ಬರಾಗಿ ದೂರು ಒತ್ತಿದೆವು. ನಮಗೆ ಅವಳೇ ಬೇಕು. ನಮಗೆ ಅವಳೇ ಬೇಕು.

ಇಸ್ತ್ರಿಯ ಜೇಬಿನಲ್ಲಿ ಫೋನು ಬಡಿದುಕೊಳ್ಳತೊಡಗಿತು. ಬೆವರಿಗೆ ಅಂಗಿ ಬೆನ್ನಿಗಂಟಿ, ನಾವು ಮೊದಲ ಸಲ ಅದರಲ್ಲಿ ಸುಕ್ಕು ಕಂಡೆವು.

"ಸ್ವಲ್ಪ ನೀರು ಕೊಡಿ" ಅಂದ.

ಚಿಕ್ಕಮ್ಮ ಲೋಟ ತುಂಬಿ ಕೊಟ್ಟಳು. ಬಾಯಿಗಿಡುವ ಮುನ್ನ ಅವನ ಕಣ್ಣು ನಮ್ಮ ಗೋಡೆಗಳನ್ನೆಲ್ಲ ಸುತ್ತಿ ಬಂತು.

"ಫಿಲ್ಟರ್ ಎಲ್ಲಿ?"

"ಇಲ್ಲ ಸಾರ್. ನೀವು ಕೊಡೋ ಸಂಬಳಕ್ಕೆ ನಲ್ಲಿ ನೀರೇ. ಕುಡೀರಿ, ನಾವು ಕುಡಿಯೋದೂ ಇದನ್ನೇ."

ಲೋಟ ಅವನ ಕೈಯಲ್ಲೇ ನಿಂತಿತು. ಬಾಗಿಲಿನಿಂದ ನಾವು ಯಾರೂ ಕದಲಲಿಲ್ಲ.