ಮುನಿಯಲ್ಲಮ್ಮ ಬಸ್ಸಿನಲ್ಲಿ ಬಂದ ದಿನ

ಎಂಬತ್ತಮೂರನೇ ಇಸವಿ, ಸಂಕ್ರಾಂತಿ ಹತ್ತಿರವಾಗಿತ್ತು. ಯಶವಂತಪುರ, ಆರ್.ಟಿ. ನಗರದ ಕಡೆ ಎಲ್ಲಿ ನೋಡಿದರೂ ಹೊಸ ಮನೆ ಏಳುತ್ತಿತ್ತು. ಗೋಡೆ ಏರುವಾಗ ಆಳುಗಳು ನಿಲ್ಲುವ ಸಾರುವೆ ಕಟ್ಟುವುದಕ್ಕೆ ಸರ್ವೆ ಮರ ಎಷ್ಟಿದ್ದರೂ ಸಾಲದು. ಅಬ್ಬಿಗೆರೆಯ ಬ್ಯಾಟರಾಯಪ್ಪ ತನ್ನ ತೋಪಿನ ಸರ್ವೆ ಕಡಿಸಿ, ಯಶವಂತಪುರದ ಮರದ ಡಿಪೋಗೆ ಟ್ರ್ಯಾಕ್ಟರಿನಲ್ಲಿ ತಾನೇ ಸಾಗಿಸುತ್ತಿದ್ದ.

ಅವನು ಲೋಡು ಹಾಕುವ ರೀತಿ ಊರಿಗೆಲ್ಲ ಗೊತ್ತಿತ್ತು. ಟ್ರೈಲರಿನಲ್ಲಿ ಹಿಡಿಸಿದಷ್ಟೂ ಮರ ತುಂಬುವುದು. ನಡುವೆ ಒಂದೇ ಒಂದು ಹಗ್ಗ ಎಳೆಯುವುದು. ಲೋಡಿನ ಮೇಲೆ ಹೆಂಡತಿ ಮುನಿಯಲ್ಲಮ್ಮನನ್ನು ಕೂರಿಸುವುದು.

ಆ ದಿನ ಡಿಪೋದ ಒಡತಿ ಕನೀಜ್ ಮರ ನೋಡಿಕೊಂಡು ಹೋಗಲು ತೋಪಿಗೇ ಬಂದಿದ್ದಳು. ಮುನಿಯಲ್ಲಮ್ಮ ಸೆರಗು ಸಿಕ್ಕಿಸಿಕೊಂಡು ಲೋಡಿನ ಮೇಲೆ ಹತ್ತುವುದನ್ನು ಕಂಡು ಅಲ್ಲೇ ತಡೆದಳು.

“ಅಕ್ಕ, ಇಳೀರಿ. ಅಲ್ಲಿ ಕೂರ್ಬಾರ್ದು.”

ಬ್ಯಾಟರಾಯಪ್ಪ ನಕ್ಕ. “ಅವಳು ಕೂತ್ರೇನೇ ಮರ ಅಲ್ಲಾಡದೆ ಇರೋದು ಕಣಮ್ಮ. ಎಷ್ಟು ವರ್ಷದಿಂದ ಇಂಗೇ ಒಯ್ತಾ ಇದೀನಿ. ಏನಾಗೈತೆ?”

“ಏನೂ ಆಗಿಲ್ಲ, ಅದು ನಿಮ್ಮ ಅದೃಷ್ಟ ಅಣ್ಣ. ಇಷ್ಟು ಮರದ ಮುಂದೆ ಅಕ್ಕನ ಭಾರ ಎಷ್ಟು? ನೀವು ಬ್ರೇಕ್ ಹಾಕಿದ್ರೆ ಗಾಡಿ ನಿಲ್ಲುತ್ತೆ, ಮರ ನಿಲ್ಲಲ್ಲ. ಮುಂದಕ್ಕೆ ನುಗ್ಗುತ್ತೆ. ಮುಂದೆ ಇರೋದು ಯಾರು? ನಿಮ್ಮ ಬೆನ್ನು.”

“ಅಗ್ಗ ಐತಲ್ಲ?”

ಕನೀಜ್ ಹಗ್ಗ ಹಿಡಿದು ತಿರುಗಿಸಿ ತೋರಿಸಿದಳು. ನಾರು ಅಲ್ಲಲ್ಲಿ ಸವೆದು ಎಳೆ ಎದ್ದಿತ್ತು. “ಇದರಲ್ಲಿ ಹಸು ಕಟ್ಟೋಕೂ ನನಗೆ ಧೈರ್ಯ ಬರಲ್ಲ. ಇಂಥ ಲೋಡು ನಾನು ತಗೊಳಲ್ಲ ಅಣ್ಣ. ಬೇಜಾರು ಮಾಡ್ಕೋಬೇಡಿ.”

ಕೊಳ್ಳುವವಳೇ ಹೀಗೆಂದ ಮೇಲೆ ಬ್ಯಾಟರಾಯಪ್ಪನಿಗೆ ಬೇರೆ ದಾರಿ ಇರಲಿಲ್ಲ. ಗೊಣಗುತ್ತಲೇ ಮರ ಇಳಿಸಿದ. ಕನೀಜ್ ಹೇಳಿದಂತೆ ಉದ್ದದ, ದಪ್ಪ ಮರಗಳು ಅಡಿಗೆ ಬಂದವು. ಬುಡವೆಲ್ಲ ಟ್ರೈಲರಿನ ಮುಂದಿನ ಹಲಗೆಗೆ ಒತ್ತಿಕೊಂಡವು. ಹಲಗೆಗಿಂತ ಮೇಲೆ ಒಂದು ಮರವನ್ನೂ ಅವಳು ಬಿಡಲಿಲ್ಲ. ಮಿಕ್ಕದ್ದು ಎರಡನೇ ಸಲಕ್ಕೆ ಎಂದಳು. ಮನೆಯಿಂದ ಹೊಸ ಹಗ್ಗ ಬಂತು. ಮುಂದೆ, ನಡುವೆ, ಹಿಂದೆ ಸುತ್ತಿ, ಮರವೆಲ್ಲ ಒಂದೇ ಹೊರೆಯಾಗುವ ಹಾಗೆ ಬಿಗಿದು, ಟ್ರೈಲರಿನ ಕಬ್ಬಿಣದ ಕೊಂಡಿಗಳಿಗೆ ಕಟ್ಟಿದರು. ಹಿಂದೆ ಚಾಚಿಕೊಂಡ ತುದಿಗಳಿಗೆ ಮುನಿಯಲ್ಲಮ್ಮ ತನ್ನ ಹಳೆಯ ಕೆಂಪು ಸೀರೆ ಹರಿದು ಕಟ್ಟಿದಳು.

“ಸ್ವಲ್ಪ ದೂರ ಹೋದ್ಮೇಲೆ ನಿಲ್ಲಿಸಿ ಹಗ್ಗ ನೋಡಿ,” ಎಂದಳು ಕನೀಜ್. “ಗಾಡಿ ಕುಲುಕಿ ಮರ ಕೂತ್ಕೊಳುತ್ತೆ, ಹಗ್ಗ ಸಡಿಲ ಆಗುತ್ತೆ. ಅಕ್ಕ ನನ್ನ ಜೊತೆ ಬಸ್ಸಲ್ಲಿ ಬರ್ತಾರೆ.”

ಹೆಂಗಸರಿಬ್ಬರೂ ಬಸ್ಸಿಗೆ ಹೊರಟರು. ಅವರು ಮರೆಯಾದದ್ದೇ ಬ್ಯಾಟರಾಯಪ್ಪ ಸುತ್ತ ನೋಡಿದ. ಮಿಕ್ಕ ಮರಗಳ ನಡುವೆ ಒಂದು ಒಳ್ಳೆಯ ಮರ ಕಂಡಿತು. ಇದೊಂದಕ್ಕೆ ಏನಾದೀತು ಎಂದುಕೊಂಡು ಎತ್ತಿ ಹೊರೆಯ ಮೇಲೆ ಹಾಕಿದ. ಕಟ್ಟಲಿಲ್ಲ.

ದಾರಿಯಲ್ಲಿ ಒಮ್ಮೆ ನಿಲ್ಲಿಸಿದ. ನಡುವಿನ ಹಗ್ಗ ನಿಜಕ್ಕೂ ಸಡಿಲವಾಗಿತ್ತು. ಬಿಗಿದು ಹೊರಟ. ಮೇಲಿನ ಮರದ ನೆನಪು ಆಗಲೂ ಬರಲಿಲ್ಲ.

ಜಾಲಹಳ್ಳಿ ದಾಟಿದ ಮೇಲೆ ರಸ್ತೆ ಇಳಿಜಾರು. ಪಕ್ಕದ ಸಂದಿಯಿಂದ ಎಮ್ಮೆಯೊಂದು ದಿಢೀರನೆ ರಸ್ತೆಗೆ ನುಗ್ಗಿತು. ಬ್ಯಾಟರಾಯಪ್ಪ ಬ್ರೇಕಿನ ಮೇಲೆ ಎದ್ದು ನಿಂತ. ಟ್ರೈಲರ್ ಧಡ್ ಎಂದು ಹಿಂದಿನಿಂದ ಗುದ್ದಿತು. ಏನೋ ಒಂದು ಅವನ ಕಿವಿಯ ಪಕ್ಕದಲ್ಲೇ ಸುಯ್ಯೆಂದು ಹೋಗಿ, ಟ್ರ್ಯಾಕ್ಟರಿನ ಬಾನೆಟ್ಟಿಗೆ ಬಡಿದು, ರಸ್ತೆಗೆ ಬಿತ್ತು.

ಆ ಕಟ್ಟದೆ ಬಿಟ್ಟ ಮರ.

ಅವನು ಹಿಂದಕ್ಕೆ ತಿರುಗಿದ. ಉಳಿದ ಲೋಡೆಲ್ಲ ಇದ್ದಲ್ಲೇ ಇತ್ತು. ಒಂದು ಮರವೂ ಕದಲಿರಲಿಲ್ಲ. ಅವನು ಎಂಜಿನ್ ಆರಿಸಿದ. ಇಳಿದು ರಸ್ತೆ ಬದಿಯಲ್ಲಿ ಕೂತುಬಿಟ್ಟ.

ಲೋಡಿನ ಹಿಂದೆ ಸ್ಕೂಟರಿನಲ್ಲಿ ಬರುತ್ತಿದ್ದವರೊಬ್ಬರು ಹತ್ತಿರ ಬಂದರು. “ಪೆಟ್ಟಾಯ್ತಾ ಯಜಮಾನ್ರೇ? ನಿಮ್ಮ ಗಾಡಿ ಹಿಂದೆ ಕೆಂಪು ಬಟ್ಟೆ ಕಾಣ್ತು, ಅದಕ್ಕೇ ದೂರ ಇದ್ದೆ. ಇಲ್ದಿದ್ರೆ ಮರದ ತುದಿಗೆ ಮುಖ ಕೊಡ್ತಿದ್ದೆ. ನಿಮಗೆ ಪುಣ್ಯ ಬರ್ಲಿ.”

“ನಂಗಲ್ಲ ಸ್ವಾಮಿ,” ಎಂದ ಬ್ಯಾಟರಾಯಪ್ಪ. “ಆ ಬಟ್ಟೆ ಕಟ್ಟಿದ್ದು ನನ್ನ ಎಂಡ್ತಿ.”

ಅಷ್ಟರಲ್ಲಿ ಹಿಂದಿನಿಂದ ಬಸ್ಸು ಬಂತು. ಕಿಟಕಿಯಿಂದ ಟ್ರ್ಯಾಕ್ಟರ್ ಕಂಡದ್ದೇ ಮುನಿಯಲ್ಲಮ್ಮ ಕೂಗಿ ನಿಲ್ಲಿಸಿ ಇಳಿದು ಓಡಿಬಂದಳು, ಹಿಂದೆಯೇ ಕನೀಜ್ ಕೂಡ. ಗಂಡನ ತಲೆ, ಹೆಗಲು, ಬೆನ್ನು ಎಲ್ಲ ಮುಟ್ಟಿ ನೋಡಿದಳು.

“ನೀನು ಮೇಲೆ ಕೂತಿದ್ರೆ ಎಲ್ಲಿ ಬೀಳ್ತಿದ್ದೆ ಅಂತ ಯೋಚ್ನೆ ಮಾಡ್ತಾ ಇದೀನಿ ಕಣೇ,” ಎಂದ ಅವನು. ಆಮೇಲೆ ಕನೀಜಳ ಕಡೆ ತಿರುಗಿದ. “ಆ ಒಂದು ಮರ ನೀನು ಬಸ್ಸಿಗೆ ಓದ್ಮೇಲೆ ನಾನೇ ಆಕಿದ್ದು ಕಣಮ್ಮ. ಮಿಕ್ಕಿದ್ದೆಲ್ಲ ಅಂಗೇ ಬಂದಿದ್ರೆ ನಾನು ಉಳೀತಿರ್ಲಿಲ್ಲ.”

ಕನೀಜ್ ಬೈಯಲಿಲ್ಲ. “ಏಳಿ ಅಣ್ಣ, ನೀರು ಕುಡೀರಿ. ಈ ಮರ ರಸ್ತೆ ಬದಿಗೆ ಇಡೋಣ, ಎರಡನೇ ಸಲಕ್ಕೆ ಬರಲಿ,” ಎಂದಳು.

ಹಬ್ಬದ ದಿನ ಗಂಡ ಹೆಂಡತಿ ಎಳ್ಳು ಬೆಲ್ಲ, ಒಂದು ಚೀಲ ಸೊಗಡಿನ ಅವರೆಕಾಯಿ ಹೊತ್ತುಕೊಂಡು ಡಿಪೋಗೆ ಹೋದರು. ಅಲ್ಲಿ ಕನೀಜಳ ಗಂಡ ಅಕ್ಬರ್ ಪಾಷಾ ಕುರ್ಚಿಯಲ್ಲಿ ಕೂತಿದ್ದ. ಪಕ್ಕದಲ್ಲಿ ಊರುಗೋಲು. ಹಿಂದೊಮ್ಮೆ ಲಾರಿಯಲ್ಲಿ ಮರದ ಲೋಡಿನ ಮೇಲೆ ಕೂತು ಬರುವಾಗ ಹೊರೆ ಜಾರಿ, ಅವನ ಕಾಲು ಅದರಡಿ ಸಿಕ್ಕಿತ್ತಂತೆ. ಅಂದಿನಿಂದ ಡಿಪೋ ನೋಡಿಕೊಳ್ಳುವವಳು ಕನೀಜ್.

ಬ್ಯಾಟರಾಯಪ್ಪನಿಗೆ ಎಲ್ಲ ಅರ್ಥವಾಯಿತು. ಅಕ್ಬರ್ ಪಾಷಾನ ಕೈ ಹಿಡಿದುಕೊಂಡ. “ನಿಮ್ಮನೆಯವರು ನಮ್ಮನೆ ಉಳಿಸಿದ್ರು. ಎಂಗೆ ಹೇಳ್ಬೇಕೋ ಗೊತ್ತಾಗ್ತಿಲ್ಲ.”

“ನೀವು ಅವಳ ಮಾತು ಕೇಳಿದ್ರಿ, ಅದು ಸಾಕು ಅಣ್ಣ,” ಎಂದ ಅಕ್ಬರ್ ಪಾಷಾ. “ಅವತ್ತು ನನಗೆ ಇಳಿ ಅಂತ ಹೇಳೋರು ಯಾರೂ ಇರ್ಲಿಲ್ಲ.”

ಈ ಕಥೆ ಓದುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನೀವು ಸಾಗಿಸುವುದು ಮರವಿರಲಿ, ಮೂಟೆಯಿರಲಿ, ಮದುವೆ ಮನೆಯ ಸಾಮಾನಿರಲಿ, ಗಾಡಿ ತಾಳುವಷ್ಟೇ ಹೇರಿ. ಗಟ್ಟಿ ಹಗ್ಗದಿಂದ ಬಿಗಿಯಿರಿ, ದಾರಿಯಲ್ಲಿ ಇಳಿದು ಮತ್ತೆ ನೋಡಿ. ಹಿಂದೆ ಚಾಚಿದ್ದಕ್ಕೆ ಕೆಂಪು ಬಟ್ಟೆ ಕಟ್ಟಿ, ಕತ್ತಲಾದರೆ ಕೆಂಪು ದೀಪ ಇಡಿ. ಲೋಡಿನ ಮೇಲೆ ಯಾರೇ ಕೂತಿದ್ದರೂ, ಅವರು ನಿಮ್ಮವರಲ್ಲದಿದ್ದರೂ, ಇಳಿಯಿರಿ ಎಂದು ಹೇಳಿ. ಹೇಳುವವರು ನೀವಾಗಿ.