ಹೆಣ ಎತ್ತುವ ಮೊದಲು

ಬಚ್ಚಲುಮನೆಯ ನಲ್ಲಿಯನ್ನು ಯಾರೋ ಮತ್ತೆ ಪೂರ್ತಿ ತಿರುಗಿಸಿದರು. ನೀರು ಭರ್ರೆಂದು ಬಕೆಟ್ಟಿಗೆ ಬಿತ್ತು, ಸ್ವಲ್ಪ ಹೊತ್ತು ಬೀಳುತ್ತಲೇ ಇತ್ತು, ಆಮೇಲೆ ನಿಂತಿತು. ಕೈ ತೊಳೆಯುವವರು ಹಾಗೆ ನಲ್ಲಿ ಬಿಡುವುದಿಲ್ಲ. ನೀರಿನ ರಭಸ ನೋಡುವವರು ಬಿಡುತ್ತಾರೆ.

ಹಾಲ್‌ನಲ್ಲಿ ಅಪ್ಪನ ಹೆಣದ ಪಕ್ಕ, ಅಮ್ಮನ ಕುರ್ಚಿಗೆ ಆತುಕೊಂಡು ನಿಂತಿದ್ದ ಮಗಳು ಹಲ್ಲು ಕಚ್ಚಿದಳು. ಬಚ್ಚಲಿನಿಂದ ಹೊರಬಂದವನು ಬ್ಯಾಂಕಿಗಾಗಿ ಮನೆಗಳ ಬೆಲೆ ಕಟ್ಟುವವನು. ಅವನ ಕೈ ಒಣಗಿಯೇ ಇತ್ತು. ಆ ಒಣ ಕೈಯಿಂದಲೇ ಕಣ್ಣೊರೆಸಿಕೊಂಡ.

"ಅಂಥಾ ಗುರುಗಳು ಇನ್ನು ಎಲ್ಲಿ ಸಿಗ್ತಾರೆ, ಅಮ್ಮಾ," ಎಂದ. ಹಾಗೆನ್ನುತ್ತಿರುವಾಗಲೇ ಅವನ ಇನ್ನೊಂದು ಕೈ ಬೆನ್ನ ಹಿಂದೆ ಗೋಡೆಯನ್ನು ಟಕ್ ಟಕ್ ಎಂದು ಬಡಿದು ನೋಡಿತು.

ಸತ್ತವರು ರಿಯಲ್ ಎಸ್ಟೇಟ್ ಪ್ರೊಫೆಸರು. ಆ ಊರಿನ ದಲ್ಲಾಳಿಗಳು, ಕಟ್ಟಡ ಕಟ್ಟಿಸುವವರು, ಬೆಲೆ ಕಟ್ಟುವವರು, ಮುಕ್ಕಾಲು ಪಾಲು ಅವರ ಕ್ಲಾಸಿನಲ್ಲಿ ಕೂತು ಎದ್ದವರೇ. ಈಗ ಎಲ್ಲರೂ ಬಂದಿದ್ದರು. ನಾಚಿಕೆಯನ್ನು ಚಪ್ಪಲಿಯ ಜೊತೆ ಹೊರಗೇ ಬಿಟ್ಟು ಬಂದಿದ್ದರು. ಹೆಣದ ಮೇಲೆ ಒಂದು ಕ್ಷಣ ನಿಂತ ಕಣ್ಣು ಚಾವಣಿಯ ಮೂಲೆಗಳ ಮೇಲೆ ಹಾಯಾಗಿ ಓಡಾಡುತ್ತಿತ್ತು.

"ತೇವ ಇದೆ ನೋಡು ಅಲ್ಲಿ," ಎಂದು ಕಿಟಕಿಯ ಬಳಿ ಒಬ್ಬ ಪಿಸುಗುಟ್ಟಿದ.

"ತೇವ ಅಲ್ಲ ಕಣೋ, ಬಣ್ಣ ಹಳೇದು. ಗೋಡೆ ಕಲ್ಲಿನ ಥರ ಇದೆ."

"ಹೆಂಡ್ತಿ ಒಬ್ರೇನಾ ಇರೋದು?"

"ಮಗಳಿದಾಳಲ್ಲ. ಆಗಿಂದ ಕಾವಲುನಾಯಿ ಥರ ನಿಂತಿದಾಳೆ."

ಮಗಳಿಗೆ ಕೇಳಿಸಿತು. ಕೇಳಿಸಲಿ ಎಂದೇ ಆಡಿದ ಮಾತೇನೋ. ಹೌದು, ಕಾವಲಿಗೇ ನಿಂತಿದ್ದಳು. ಬೆಳಿಗ್ಗೆ ಅಮ್ಮ ಅವಳ ಕೈ ಹಿಡಿದು ಹೇಳಿದ್ದು ಒಂದೇ ಮಾತು: "ನಾನು ಈ ಮನೆ ಬಿಟ್ಟು ಎಲ್ಲಿಗೂ ಹೋಗಲ್ಲ ಕಣೇ." ಆದರೆ ಅಮ್ಮ ಯಾರಿಗೂ ಇಲ್ಲ ಎನ್ನಲಾರದ ಹೆಂಗಸು. ಬಾಗಿಲಿಗೆ ಬಂದು ಬಾಚಣಿಗೆ ಮಾರುವವನಿಗೂ ಬೇಡ ಅನ್ನಲು ಬಾರದೆ ಬಚ್ಚಲಲ್ಲಿ ಬಾಚಣಿಗೆಯ ರಾಶಿ ಹಾಕಿಕೊಂಡವಳು. ಹೆಣ ಎತ್ತುವವರೆಗೆ, ಮನೆ ಮಾರಲು ಅವಳ ಬಾಯಿಂದ ಒಂದು 'ಹೂಂ' ಹೊರಬೀಳಬಾರದು. ಅಷ್ಟು ಕಾದರೆ ಸಾಕು.

ಹೊರಗೆ ಶವದ ಗಾಡಿ ಆಗಲೇ ಬಂದು ನಿಂತಿತ್ತು. ಕಾಲೇಜಿನವರ ಭಾಷಣ ಮುಗಿಯುತ್ತಿರಲಿಲ್ಲ.

"ಸರ್ ನಮಗೆ ಗೋಡೆ ನೋಡೋದನ್ನ ಕಲಿಸಲಿಲ್ಲ," ಎನ್ನುತ್ತಿದ್ದರು ಪ್ರಿನ್ಸಿಪಾಲರು, "ಮನುಷ್ಯರನ್ನ ನೋಡೋದನ್ನ ಕಲಿಸಿದ್ರು."

ಆ ಮಾತು ಮಾತ್ರ ನಿಜ.

*

ಪ್ರತಿ ಭಾನುವಾರ ಸಂಜೆ ಪ್ರೊಫೆಸರು ವಾರದ ಪಾಠವನ್ನು ಮಲಗುವ ಕೋಣೆಯ ಕನ್ನಡಿಯ ಮುಂದೆ ನಿಂತು ಒಪ್ಪಿಸುತ್ತಿದ್ದರು. ಪಕ್ಕದಲ್ಲಿ ಹೆಂಡತಿ ಅವರ ಅಂಗಿಗಳಿಗೆ ಇಸ್ತ್ರಿ ಹಾಕುತ್ತಿದ್ದಳು.

"ಸಾವಿನ ಮನೆಗೆ ಮೊದಲು ಹೋಗಿ," ಎಂದು ಕನ್ನಡಿಗೆ ಬೆರಳು ತೋರಿಸುತ್ತಿದ್ದರು. "ನಲ್ಲಿ ತಿರುಗಿಸಿ, ಗೋಡೆ ಬಡಿದು ನೋಡಿ. ಹೆಣ ಎತ್ತೋ ಮೊದಲು ಮನೆ ಕೊಡ್ತೀವಿ ಅಂತ ಮಾತು ತಗೊಳ್ಳಿ. ಸತ್ತವರ ಎದುರಿಗೆ ಕೊಟ್ಟ ಮಾತಿಗೆ ಯಾರೂ ತಪ್ಪಲ್ಲ, ಅವರಿಗೇ ಭಯ. ಹೆಣ ಎತ್ತಿದ ಮೇಲೆ ನೆಂಟರು ಬರ್ತಾರೆ, ವಕೀಲರು ಬರ್ತಾರೆ, ಕೊನೆಗೆ ಬುದ್ಧಿ ಬರುತ್ತೆ. ಆಮೇಲೆ ನಿಮಗೇನೂ ಸಿಗಲ್ಲ."

ಕ್ಲಾಸಿನಲ್ಲಿ ಇಲ್ಲಿ ಎಲ್ಲರೂ ನಗುತ್ತಾರೆಂದು ಅವರೂ ನಗುತ್ತಿದ್ದರು. ಹೆಂಡತಿ ಕಾಲರು ತಿರುಗಿಸಿ ಇಸ್ತ್ರಿ ಒತ್ತುತ್ತಿದ್ದಳು.

*

ಟೇಪು ಬಂದಾಗ ಜನ ತಾವಾಗಿಯೇ ದಾರಿ ಬಿಟ್ಟರು. ಜೇಬಿನಲ್ಲಿ ಸದಾ ಅಳತೆಯ ಟೇಪು ಇಟ್ಟುಕೊಂಡು ತಿರುಗುತ್ತಿದ್ದ ವಿದ್ಯಾರ್ಥಿಗೆ ಪ್ರೊಫೆಸರೇ ಇಟ್ಟ ಹೆಸರು. ಈಗ ಕಾಲೇಜಿನಲ್ಲಿ ಅವರ ಕುರ್ಚಿಯಲ್ಲಿ ಕೂತು ಅವರ ಪಾಠವನ್ನೇ ಮಾಡುತ್ತಿದ್ದ. ತೋಳಿಗೆ ತನ್ನ ಮುದಿ ತಾಯಿಯನ್ನು ಆನಿಸಿಕೊಂಡು ಬಂದ. ಹೆಣಕ್ಕೆ ಕೈ ಮುಗಿದ. ಅಮ್ಮನ ಕಾಲ ಬಳಿ ಕೂತು ಬಿಕ್ಕಿದ. ಮಗಳು ಕದಲಲಿಲ್ಲ.

ಬಿಕ್ಕುವುದನ್ನು ನಿಲ್ಲಿಸಿ ಅವನು ತಲೆಯೆತ್ತಿದ. "ಅಕ್ಕಾ, ನಮ್ಮಮ್ಮನ್ನ ಸ್ವಲ್ಪ ಬಾತ್‌ರೂಮಿಗೆ ಕರ್ಕೊಂಡು ಹೋಗ್ತೀರಾ?"

ಮಗಳು ಅಮ್ಮನ ಕುರ್ಚಿಗೆ ಇನ್ನೂ ಒತ್ತಿ ನಿಂತಳು.

*

ಅವಳಿಗೆ ಆಗ ಎರಡು ಜಡೆ ಹಾಕುವ ವಯಸ್ಸು. ಯಾರದೋ ಮನೆಯ ಗೇಟಿನ ಬಳಿ ಅಪ್ಪ ಅವಳೆದುರು ಕುಕ್ಕರುಗಾಲಿನಲ್ಲಿ ಕೂತು ಅವಳ ಫ್ರಾಕು ಸರಿಮಾಡಿದ್ದ.

"ಒಳಗೆ ಹೋಗಿ ಏನು ಹೇಳ್ಬೇಕು?"

"ಬಾತ್‌ರೂಮಿಗೆ ಹೋಗ್ಬೇಕು ಅಂತ."

"ಯಾರಿಗೆ?"

"ಅಜ್ಜಿ ಪಕ್ಕ ಕೂತಿರೋರಿಗೆ."

"ಎಷ್ಟು ಹೊತ್ತು ಒಳಗಿರ್ಬೇಕು?"

"ನೀವು ಕೆಮ್ಮೋ ತನಕ."

"ಜಾಣೆ."

ಗಂಡ ಸತ್ತ ಅಜ್ಜಿಯ ಪಕ್ಕ ಅವಳ ತಂಗಿ ಕೂತಿದ್ದಳು. ಮಗು ಕೇಳಿದರೆ ಯಾರು ಇಲ್ಲ ಅಂತಾರೆ? ಆ ತಂಗಿ ಬಚ್ಚಲಿನ ದೀಪ ಹಾಕಿ, ಒಗೆದ ಟವೆಲು ಕೊಟ್ಟು, ಬಾಗಿಲ ಹೊರಗೆ ನಿಂತು, "ಆಯ್ತಾ ಪುಟ್ಟೀ?" ಎಂದು ಅಕ್ಕರೆಯಿಂದ ಕೇಳುತ್ತಲೇ ಇದ್ದಳು. ಹುಡುಗಿ ಸುಮ್ಮನೆ ನಿಂತು ಗೋಡೆಯ ನೀಲಿ ಟೈಲುಗಳನ್ನು ನೋಡುತ್ತಿದ್ದಳು. ನಲ್ಲಿಯ ಕೆಳಗಿನ ಟೈಲು ಮೂಲೆಯಿಂದ ಮೂಲೆಗೆ ಒಡೆದಿತ್ತು. ಅಪ್ಪ ಕೆಮ್ಮಿದ. ಹೊರಗೆ ಬಂದರೆ ಅವನ ಎರಡೂ ಕೈಗಳ ನಡುವೆ ಅಜ್ಜಿಯ ಕೈ ಇತ್ತು. ಅಜ್ಜಿ ಏನು ನಡೆಯಿತೆಂದು ತಿಳಿಯದವಳಂತೆ ತಲೆಯಾಡಿಸುತ್ತಿದ್ದಳು.

ದಾರಿಯಲ್ಲಿ ಅವಳಿಗೆ ಐಸ್‌ಕ್ರೀಮು ಸಿಕ್ಕಿತು. ಮಳೆಗಾಲ ಕಳೆಯುವಷ್ಟರಲ್ಲಿ ಅವರೆಲ್ಲ ಆ ಮನೆಗೇ ಬಂದು ಸೇರಿದರು. ಅಂದಿನಿಂದ ಮದುವೆಯಾಗಿ ಹೋಗುವವರೆಗೆ ಅವಳು ಆ ಒಡೆದ ನೀಲಿ ಟೈಲಿನ ಎದುರಿಗೇ ಸ್ನಾನ ಮಾಡಿದಳು. ಅದನ್ನು ಬದಲಿಸೋಣ ಎಂದು ಅಮ್ಮ ಎಷ್ಟೋ ಸಲ ಹೇಳಿದ್ದಳು. ಅಪ್ಪ ಬದಲಿಸಲಿಲ್ಲ.

*

"ನೀವೇ ಕರ್ಕೊಂಡು ಹೋಗಿ. ಅಲ್ಲೇ ಇದೆ," ಎಂದಳು ಮಗಳು.

"ಹೆಂಗಸರ ವಿಷಯ, ಅಕ್ಕಾ." ಟೇಪು ನಾಚಿಕೊಂಡವನಂತೆ ತಲೆ ತಗ್ಗಿಸಿದ.

ಎಲ್ಲರೂ ಅವಳನ್ನೇ ನೋಡುತ್ತಿದ್ದರು. ಮುದುಕಿಯ ಕಾಲು ನಡುಗುತ್ತಿದ್ದದ್ದು ಸುಳ್ಳಲ್ಲ. "ಅಮ್ಮಾ, ಒಂದು ನಿಮಿಷ. ಯಾರು ಏನು ಕೇಳಿದ್ರೂ ಮಾತಾಡ್ಬೇಡ," ಎಂದು ಕಿವಿಯಲ್ಲಿ ಹೇಳಿ, ಮುದುಕಿಯನ್ನು ಹೆಚ್ಚುಕಡಿಮೆ ಎತ್ತಿಕೊಂಡೇ ಬಚ್ಚಲಿಗೆ ನಡೆದಳು.

ಮುದುಕಿ ಒಳಗೆ ಹೋದವಳೇ ಸ್ಟೂಲಿನ ಮೇಲೆ ಕೂತಳು. ಸೀರೆಯ ಸೆರಗಿನಿಂದ ಕತ್ತು ಒರೆಸಿಕೊಂಡಳು.

"ಬೇಗ ಮುಗಿಸಿ, ಅಜ್ಜಿ."

"ನನಗೆ ಬೇಕಾಗಿಲ್ಲ ಕಣಮ್ಮ. ಕೆಮ್ಮೋ ತನಕ ಒಳಗೇ ಇರು ಅಂದಿದಾನೆ."

ಮಗಳ ಕಣ್ಣು ನಲ್ಲಿಯ ಕೆಳಗಿನ ಒಡೆದ ನೀಲಿ ಟೈಲಿನ ಮೇಲೆ ಬಿತ್ತು.

"ಎಷ್ಟು ಸಾವಿನ ಮನೆ ತೋರಿಸಿದಾನೋ ಪುಣ್ಯಾತ್ಮ," ಎಂದಳು ಮುದುಕಿ. "ಸತ್ತಿದ್ದು ಯಾರು ಅಂತ ಕೇಳೋದೂ ಬಿಟ್ಟಿದೀನಿ. ಮೊದಮೊದಲು ಅಳು ಬರ್ತಿತ್ತು. ಮನೇಲಿ ಕೂತಿರ್ತೀನಿ ಅಂದ್ರೆ ಎರಡು ದಿನ ಮಾತು ಬಿಡ್ತಾನೆ."

ಮಗಳು ಚಿಲಕಕ್ಕೆ ಕೈ ಹಾಕಿದಳು. ಅಷ್ಟರಲ್ಲಿ ಹೊರಗಿನಿಂದಲೇ ಯಾರೋ ಬಾಗಿಲು ಬಡಿದರು. ತೆರೆದರೆ ಅಮ್ಮ. ಮಗಳನ್ನು ಹಿಂದಕ್ಕೆ ತಳ್ಳಿಕೊಂಡೇ ಒಳಗೆ ಬಂದು ಬಾಗಿಲು ಹಾಕಿ ಚಿಲಕ ಜಡಿದಳು.

"ಏನಾಯ್ತಮ್ಮಾ? ಏನಂದೆ ಅವನಿಗೆ?"

"ನನಗೂ ಬಾತ್‌ರೂಮಿಗೆ ಹೋಗ್ಬೇಕು ಅಂದೆ."

"ಅಷ್ಟೇನಾ?"

"ಇನ್ನೇನನ್ಬೇಕು? ಅಷ್ಟು ವರ್ಷ ಇಸ್ತ್ರಿ ಹಾಕ್ತಾ ಆ ಪಾಠ ಕೇಳಿದೀನಿ. ಹೆಣ ಎತ್ತೋ ತನಕ ಸಿಗದೇ ಹೋದ್ರೆ ಆಯ್ತು." ಅಮ್ಮ ಬಲಗೈಯನ್ನು ಮೈಯಿಂದ ದೂರ ಚಾಚಿ ಹಿಡಿದಿದ್ದಳು. "ಆದ್ರೂ ಕೈ ಹಿಡ್ಕೊಂಡ್ಬಿಟ್ಟ ಕಣೇ."

ಹಾಲ್‌ನಲ್ಲಿ ಕುರ್ಚಿಗಳು ಸರಿದವು. ಪ್ರಿನ್ಸಿಪಾಲರ ದನಿ ಬಾಗಿಲ ಬಳಿ ಬಂತು. "ಅಮ್ಮಾ, ಎತ್ತೋ ಹೊತ್ತಾಯ್ತು. ಒಂದ್ಸಲ ಬಂದು ಮುಖ ನೋಡ್ಬಿಡಿ."

"ಎತ್ತಿ," ಎಂದಳು ಅಮ್ಮ.

"ಕೊನೇ ಸಲ, ಅಮ್ಮಾ."

"ಆ ಮುಖ ನಾನು ನೋಡಿದೀನಿ. ಎತ್ತಿ ನೀವು."

ಹೊರಗೆ ಟೇಪು ಕೆಮ್ಮಿದ. ಮುದುಕಿ ಅಭ್ಯಾಸಬಲದಿಂದ ಏಳಲು ಹೋದಳು. ಅಮ್ಮ ಎಡಗೈಯನ್ನು ಅವಳ ಭುಜದ ಮೇಲಿಟ್ಟಳು.

"ಕೂತ್ಕೊಳ್ಳಿ."

ಮುದುಕಿ ಇಬ್ಬರ ಮುಖವನ್ನೂ ನೋಡಿದಳು. ಕೂತಳು. ಕಾಲು ನೀಡಿಕೊಂಡು ಚೆನ್ನಾಗಿಯೇ ಕೂತಳು.

ಅಮ್ಮ ನಲ್ಲಿಯನ್ನು ಪೂರ್ತಿ ತಿರುಗಿಸಿದಳು. ಸೋಪು ತೆಗೆದುಕೊಂಡು ಬಲಗೈಯ ಬೆರಳುಸಂದಿ, ಅಂಗೈ, ಮಣಿಕಟ್ಟು ಉಜ್ಜತೊಡಗಿದಳು. ನೊರೆ ಆ ಒಡೆದ ಟೈಲಿನ ಮೇಲೆ ಇಳಿಯಿತು. ಹೆಣ ಹೊತ್ತವರ ಹೆಜ್ಜೆಗಳು ಮೆಟ್ಟಿಲು ಇಳಿದವು. ಗಾಡಿಯ ಬಾಗಿಲು ಮುಚ್ಚಿತು, ಎಂಜಿನ್ನು ಶುರುವಾಯಿತು, ಬೀದಿಯ ತಿರುವಿನಲ್ಲಿ ಸದ್ದು ಸಣ್ಣಗಾಯಿತು. ಬಾಗಿಲ ಹೊರಗೆ ಟೇಪು ಇನ್ನೂ ಕೆಮ್ಮುತ್ತಿದ್ದ.

ಅಮ್ಮ ಕೈಯನ್ನು ಮೂಗಿನ ಹತ್ತಿರ ತಂದು ಮೂಸಿ ನೋಡಿದಳು. ಮತ್ತೆ ಸೋಪು ತೆಗೆದುಕೊಂಡಳು.